ಡಕೋಟಾಗೆ ಟರ್ಬೈನ್ ಎಂಜಿನ್: ಬಿಟಿ-67, ಕಾನ್ವೇರ್ 580 ಮಾದರಿ ಮಾಡುವಾಗ ಏನೇನು ಬದಲಾಗಬೇಕು?

ಡಕೋಟಾ_72

ಏರ್‌ಫಿಕ್ಸ್‌ನ 1/72 ಡಕೋಟಾ ಕಿಟ್ ಇದೆ, 2014ರ ಹೊಸ ಅಚ್ಚಿನದು. ಇದನ್ನ ಬ್ಯಾಸ್ಲರ್ ಬಿಟಿ-67 ಮಾಡಬೇಕು. ಹಳೇ ರೇಡಿಯಲ್ (ಸಿಲಿಂಡರ್‌ಗಳು ಸುತ್ತಲೂ ಕೂತ ಪಿಸ್ಟನ್ ಎಂಜಿನ್) ತೆಗೆದು ಪಿಟಿ6 ಟರ್ಬೋಪ್ರಾಪ್ (ಪ್ರೊಪೆಲ್ಲರ್ ತಿರುಗಿಸೋ ಟರ್ಬೈನ್ ಎಂಜಿನ್) ಕೂರಿಸಿದ ವಿಮಾನ, ಅಂಟಾರ್ಕ್ಟಿಕಾದಲ್ಲಿ ಓಡಾಡುತ್ತಲ್ಲ, ಅದು. ಪ್ರಶ್ನೆಗಳು ಇಷ್ಟು: ಎಂಜಿನ್ ಗೂಡು ಮತ್ತು ಪ್ರೊಪೆಲ್ಲರ್ ಬದಲಾಯಿಸಿದರೆ ಸಾಕಾ? ಒಡಲು ಎಷ್ಟು ಉದ್ದ ಮಾಡಬೇಕು, ಎಲ್ಲಿ ಕತ್ತರಿಸಬೇಕು? ಬಾಲ ಮುಟ್ಟಬೇಕಾ? ಇದಾದ ಮೇಲೆ 1/144ರಲ್ಲಿ ಕಾನ್ವೇರ್ 580 (ಪಿಸ್ಟನ್ ಕಾನ್ವೇರ್ 340/440ಕ್ಕೆ ಟರ್ಬೋಪ್ರಾಪ್ ಹಾಕಿದ್ದು) ಹಿಡಿಯೋ ಯೋಚನೆ, ಅದಕ್ಕೂ ಸೇರಿಸಿ ಹೇಳಿದರೆ ಅನುಕೂಲ.

ಟರ್ಬೈನ್_ಮೇಷ್ಟ್ರು

ಗೂಡು, ಪ್ರೊಪೆಲ್ಲರ್ ಎರಡೇ ಬದಲಾಯಿಸಿದರೆ ಅದು ಬಿಟಿ-67 ಆಗಲ್ಲ. ಅಳತೆಗೆ ಹೋಗೋ ಮೊದಲು ಕಾರಣ ನೋಡಿ. ಕಾರಣ ಗೊತ್ತಿದ್ದರೆ ಯಾವ ಭಾಗ ಬದಲಾಗಿರುತ್ತೆ ಅಂತ ಫೋಟೋ ನೋಡೋಕೆ ಮುಂಚೇನೇ ಅಂದಾಜು ಸಿಗುತ್ತೆ.

ಡಕೋಟಾದ ಪ್ರಾಟ್ ಅಂಡ್ ವಿಟ್ನಿ ಆರ್-1830-92 ಎಂಜಿನ್: 14 ಸಿಲಿಂಡರ್, 1,200 ಅಶ್ವಶಕ್ತಿ, ಒಣ ತೂಕ ಸುಮಾರು 665 ಕಿಲೋ. ಬ್ಯಾಸ್ಲರ್ ಹಾಕೋ ಪಿಟಿ6ಎ-67ಆರ್: ಮಾಮೂಲಿ ಟೇಕಾಫ್‌ಗೆ 1,281 ಶಾಫ್ಟ್ ಅಶ್ವಶಕ್ತಿ, ತೂಕ 235 ಕಿಲೋ ಆಸುಪಾಸು. ಶಕ್ತಿ ಹೆಚ್ಚಿದ್ದು ಅಲ್ಪ, ತೂಕ ಇಳಿದದ್ದು ಮೂರರಲ್ಲಿ ಎರಡು ಪಾಲು. ಎರಡೂ ಎಂಜಿನ್ ಸೇರಿ ರೆಕ್ಕೆಯ ಮುಂದಿನಿಂದ ಸುಮಾರು 860 ಕಿಲೋ ಮಾಯ. ಹಾಗೇ ಬಿಟ್ಟರೆ ಗುರುತ್ವ ಕೇಂದ್ರ ಹಿಂದಕ್ಕೆ ಸರಿದು ವಿಮಾನ ಬಾಲಭಾರ ಆಗುತ್ತೆ, ಹಾರಿಸೋಕೆ ಯೋಗ್ಯ ಆಗಿರಲ್ಲ.

ಲೆಕ್ಕದ ದಾರಿ ತೋರಿಸೋಕೆ ಒಂದು ಉದಾಹರಣೆ. ಎಂಜಿನ್‌ಗಳು ಗುರುತ್ವ ಕೇಂದ್ರಕ್ಕಿಂತ 2 ಮೀಟರ್ ಮುಂದಿವೆ ಅಂತ ಇಟ್ಟುಕೊಳ್ಳಿ. 860 × 2 = 1,720 ಕಿಲೋಗ್ರಾಂ-ಮೀಟರ್ ಮೊಮೆಂಟ್ (ತೂಕ × ದೂರ) ಕಳೆದುಹೋಯ್ತು. ಇದನ್ನ ತುಂಬೋಕೆ ಮೂರು ದಾರಿ. ಹೊಸ ಎಂಜಿನ್ನನ್ನ ಉದ್ದ ಮೌಂಟ್ ಮೇಲೆ ಇನ್ನೂ ಮುಂದೆ ಕೂರಿಸೋದು. ಕಾಕ್‌ಪಿಟ್ ಸಮೇತ ಮೂತಿಯನ್ನ ಮುಂದಕ್ಕೆ ತಳ್ಳೋದು. ಇಲ್ಲಾ ಮೂತಿಯಲ್ಲಿ ಸತ್ತ ತೂಕ ಹೊರೋದು, ಅದು ದಂಡ. ಬ್ಯಾಸ್ಲರ್ ಮೊದಲ ಎರಡನ್ನೂ ಮಾಡಿದೆ. ರೆಕ್ಕೆಯ ಮುಂದೆ 40 ಇಂಚಿನ ತುಂಡು ಸೇರಿಸಿ ಒಡಲು ಉದ್ದ ಮಾಡಿದೆ. ಹಾಗಾಗಿ ಒಟ್ಟು ಉದ್ದ 64 ಅಡಿ 5 ಇಂಚು ಇದ್ದದ್ದು 67 ಅಡಿ 9 ಇಂಚು ಆಯ್ತು.

ಇನ್ನು ಬಾಲ. ಶಕ್ತಿ ಹೆಚ್ಚು ಏರಿಲ್ಲವಾದ್ದರಿಂದ ಒಂದು ಎಂಜಿನ್ ನಿಂತಾಗ ಬರೋ ತಿರುವು ಬಲ ಹಳೇ ಚುಕ್ಕಾಣಿ ತಡೆಯೋ ಮಟ್ಟದಲ್ಲೇ ಇದೆ. ಡಕೋಟಾದ ಬಾಲದ ಆಕಾರ ಹಾಗೇ ಉಳಿದಿದೆ. ಮುಟ್ಟಬೇಡಿ.

ಕಾನ್ವೇರ್ 580ರಲ್ಲಿ ಇದು ತಿರುಗಾಮುರುಗಾ. ಅದನ್ನ ಕಾನ್ವೇರ್_ಕಟ್ಟೆಯವರು ಹೇಳಲಿ, ಅವರ ವಿಷಯ.

ಪ್ಲಾಸ್ಟಿಕ್_ಪದ್ಮ

ಮೇಷ್ಟ್ರು ಕೊಟ್ಟ ಅಳತೆಯನ್ನ 1/72ಕ್ಕೆ ಇಳಿಸಿದರೆ ಹೀಗೆ:

ಸೇರಿಸಬೇಕಾದ ತುಂಡು: 40 ಇಂಚು ಅಂದರೆ 1,016 ಮಿ.ಮೀ., 1,016 ÷ 72 = 14.1 ಮಿ.ಮೀ.
ಮೂಲ ಒಡಲು: 272.7 ಮಿ.ಮೀ. ಬಿಟಿ-67 ಒಡಲು: 286.8 ಮಿ.ಮೀ.
ಆರ್-1830 ಎಂಜಿನ್ನಿನ ವ್ಯಾಸ 48 ಇಂಚು, ಮಾದರಿಯಲ್ಲಿ 16.9 ಮಿ.ಮೀ. ಪಿಟಿ6 ವ್ಯಾಸ 19 ಇಂಚು, ಮಾದರಿಯಲ್ಲಿ 6.7 ಮಿ.ಮೀ. ಇದು ಬರೀ ಎಂಜಿನ್ ಅಳತೆ. ಗೂಡು ಇದಕ್ಕಿಂತ ದಪ್ಪ ಇರುತ್ತೆ, ಆದರೂ ಹಳೇ ಕೌಲಿಂಗ್ (ಎಂಜಿನ್ ಸುತ್ತಲ ಹೊದಿಕೆ) ಎಷ್ಟು ಸಣಕಲಾಗಬೇಕು ಅನ್ನೋದು ಇದರಿಂದಲೇ ತಿಳಿಯುತ್ತೆ.

ಕತ್ತರಿಸೋ ವಿಧಾನ. ಒಡಲಿನ ಎರಡು ಅರೆಗಳನ್ನ ಅಂಟಿಸಬೇಡಿ, ಟೇಪ್‌ನಲ್ಲಿ ಬಿಗಿಯಾಗಿ ಕಟ್ಟಿ. ಕಾಕ್‌ಪಿಟ್‌ಗೂ ರೆಕ್ಕೆಯ ಮುಂಚೂಣಿಗೂ ನಡುವೆ, ಒಡಲಿನ ಅಗಲ ಹೆಚ್ಚು ಬದಲಾಗದ ಕಡೆ, ಸುತ್ತಲೂ ದಪ್ಪ ಟೇಪ್ ಅಂಟಿಸಿ ಅದರ ಅಂಚಿನಲ್ಲಿ ಗೀರಿ. ಆಮೇಲೆ ರೇಜರ್ ಗರಗಸ. ಗರಗಸದ ಬಾಯಿ 0.3 ಮಿ.ಮೀ. ಪ್ಲಾಸ್ಟಿಕ್ ತಿಂದುಹಾಕುತ್ತೆ, ಅದನ್ನೂ ಲೆಕ್ಕಕ್ಕೆ ಸೇರಿಸಿ: ತುಂಡು 14.1 ಅಲ್ಲ, 14.4 ಇರಬೇಕು. 1 ಮಿ.ಮೀ. ಪ್ಲಾಸ್ಟಿಕ್ ಹಾಳೆ 14, ಅದರ ಮೇಲೆ 0.5ರದ್ದು ಒಂದು ಪದರ ಅಂಟಿಸಿ, 24 ಗಂಟೆ ಬಿಟ್ಟು, 14.4ಕ್ಕೆ ಉಜ್ಜಿ. ಒಣಗೋಕೆ ಮೊದಲೇ ಉಜ್ಜಿದರೆ ಪದರಗಳ ನಡುವಿನ ದ್ರಾವಕ ಆರೋಹೊತ್ತಿಗೆ ಗೆರೆಗೆರೆಯಾಗಿ ಕುಸಿಯುತ್ತೆ. ಪೇಂಟ್ ಹೊಡೆದ ಮೇಲೆ ಕಾಣೋ ತೊಂದರೆ ಇದು.

ಜೋಡಿಸುವಾಗ ಎಡ ಅರೆ ಬೇರೆ, ಬಲ ಅರೆ ಬೇರೆ. ಗಾಜಿನ ಮೇಲೆ ಒಂದು ನೇರ ಗೆರೆ ಎಳೆದು, ಕೂಡುವ ಅಂಚು ಗಾಜಿಗೆ ತಾಗೋ ಹಾಗೆ ಮಲಗಿಸಿ, ತುಂಡು ನಡುವೆ ಇಟ್ಟು ಅಂಟಿಸಿ. ಗಾಜು ಸಮತಟ್ಟಾಗಿರೋದರಿಂದ ಒಡಲು ಬಾಳೆಹಣ್ಣಿನ ಹಾಗೆ ಬಾಗಲ್ಲ. ಒಳಗಡೆ 2 ಮಿ.ಮೀ. ದಪ್ಪದ, 30 ಮಿ.ಮೀ. ಉದ್ದದ ಪಟ್ಟಿ ಅರೆಗೆ ಎರಡರಂತೆ ಬೆನ್ನಿಗೆ ಕೊಡಿ.

ಎರಡು ಕಿಟ್ ಇದ್ದರೆ ಇನ್ನೂ ಸುಲಭ. ಒಂದರ ಮೂತಿಯನ್ನ ಗುರುತಿಗಿಂತ 7 ಮಿ.ಮೀ. ಹಿಂದೆ ಕತ್ತರಿಸಿ, ಇನ್ನೊಂದರ ಹಿಂಭಾಗವನ್ನ 7 ಮಿ.ಮೀ. ಮುಂದೆ ಕತ್ತರಿಸಿ ಸೇರಿಸಿದರೆ ಒಂದೇ ಬೆಸುಗೆಯಲ್ಲಿ ಕೆಲಸ ಮುಗಿಯುತ್ತೆ.

ಹಳೇ_ಹ್ಯಾಂಗರ್

ಪದ್ಮಾ ಮೇಡಂ, ಎರಡು ಕಿಟ್ ವಿಧಾನಕ್ಕೆ ನನ್ನ ಒಪ್ಪಿಗೆ ಇಲ್ಲ. ಡಕೋಟಾ ಮೂತಿ ಕಡೆಗೆ ಕಿರಿದಾಗ್ತಾ ಹೋಗುತ್ತೆ. ಮುಂದಿನ ತುಂಡಿನ ಕೊನೆ ಗುರುತಿಗಿಂತ 7 ಹಿಂದಿನದು, ಅಂದರೆ ದಪ್ಪ. ಹಿಂದಿನ ತುಂಡಿನ ಶುರು 7 ಮುಂದಿನದು, ಅಂದರೆ ಸಣ್ಣ. 14 ಮಿ.ಮೀ. ಅಂತರದ ಎರಡು ಅಡ್ಡಕೊಯ್ತ ಒಂದಕ್ಕೊಂದು ಕೂರಲ್ಲ. ಅದೂ ಉಲ್ಟಾ ಮೆಟ್ಟಿಲು, ಮೂತಿ ಕಡೆ ದಪ್ಪ. ಉಜ್ಜಿ ಸರಿಮಾಡೋಕೆ ಹೋದರೆ ರಿವೆಟ್ ಗೆರೆ ಎಲ್ಲ ಹೋಗುತ್ತೆ. ನಡುವೆ ತುಂಡು ಕೊಟ್ಟರೆ ಎರಡೂ ಕಡೆ ಒಂದೇ ಅಡ್ಡಕೊಯ್ತ. ನಿಜವಾದ ವಿಮಾನದಲ್ಲಿ ಮಾಡಿರೋದೂ ಅದನ್ನೇ.

ಎರಡನೇ ಕಿಟ್ ಇದ್ದೇ ಇದ್ದರೆ ಅದರಿಂದ ಬಳೆ ತರ ಒಂದು ಉಂಗುರ ಕತ್ತರಿಸಿಕೊಳ್ಳಿ, ಅಗಲ ಬದಲಾಗದ ಜಾಗದಿಂದ, 14.4 ಮಿ.ಮೀ. ಪ್ಲಾಸ್ಟಿಕ್ ದಪ್ಪ, ಬಾಗು ಎರಡೂ ಸಿದ್ಧ ಸಿಗುತ್ತೆ. ಬೆಸುಗೆ ಎರಡಾಗುತ್ತೆ, ಆಗಲಿ.

ಪ್ಲಾಸ್ಟಿಕ್_ಪದ್ಮ

ಉಂಗುರದ ಮಾತು ಸರಿ, ಅದೇ ಒಳ್ಳೇದು. ಕಿಟಕಿ ಬಂದ ಜಾಗದಿಂದ ಉಂಗುರ ತೆಗೆದರೆ ಕಿಟಕಿಯನ್ನ ಪಾರದರ್ಶಕ ತುಂಡಿನಿಂದಲ್ಲ, ಪ್ಲಾಸ್ಟಿಕ್ ಹಾಳೆಯಿಂದಲೇ ಮುಚ್ಚಿ. ಎರಡು ಬೇರೆ ಬೇರೆ ಪ್ಲಾಸ್ಟಿಕ್ ಉಜ್ಜುವಾಗ ಒಂದೇ ಸಮ ಸವೆಯಲ್ಲ.

ಪುಟ್ಟಿ ಬಗ್ಗೆ. ನಮ್ಮಲ್ಲಿ ಹಾಬಿ ಪುಟ್ಟಿ ದುಬಾರಿ, ಎಲ್ಲ ಊರಲ್ಲೂ ಸಿಗಲ್ಲ. ಕಾರ್ ಪೇಂಟ್ ಸಾಮಾನಿನ ಅಂಗಡಿಯಲ್ಲಿ, ಬೆಂಗಳೂರಾದರೆ ಜೆ.ಸಿ. ರಸ್ತೆ ಕಡೆ, ಎನ್‌ಸಿ ಪುಟ್ಟಿ ಸಿಗುತ್ತೆ. ನುಣುಪು ಚೆನ್ನಾಗಿ ಬರುತ್ತೆ, ಆದರೆ ಅದರೊಳಗಿನ ತಿನ್ನರ್ ಪ್ಲಾಸ್ಟಿಕ್ ಮೆತ್ತಗೆ ಮಾಡುತ್ತೆ, ದಪ್ಪ ಬಳಿದರೆ ಆರಿದ ಮೇಲೆ ಕುಗ್ಗುತ್ತೆ. ಉಗುರಿನಷ್ಟು ತೆಳ್ಳಗೆ ಒಂದು ಪದರ, ಅರ್ಧ ದಿನ ಬಿಟ್ಟು ಇನ್ನೊಂದು. ದೊಡ್ಡ ಹಳ್ಳಕ್ಕೆ ಮೊದಲು ಎರಡು ಉಂಡೆ ಕಲಸೋ ಎಪಾಕ್ಸಿ ಪುಟ್ಟಿ ತುಂಬಿ. ಅದು ಕುಗ್ಗಲ್ಲ, ಆದರೆ ಪ್ಲಾಸ್ಟಿಕ್‌ಗಿಂತ ಗಟ್ಟಿ. ಹಾಗಾಗಿ ಮೇಲ್ಮೈಗಿಂತ ಅರ್ಧ ಮಿ.ಮೀ. ಕೆಳಗೇ ನಿಲ್ಲಿಸಿ, ಮಿಕ್ಕಿದ್ದು ಎನ್‌ಸಿ. ಎಮರಿ ಪೇಪರ್ 400, 800, 1200, ನೀರು ಹಾಕಿಕೊಂಡೇ ಉಜ್ಜಿ.

ಡಕೋಟಾ_72

ಒಡಲು ಅರ್ಥವಾಯ್ತು. ಎಂಜಿನ್ ಗೂಡು? ರೆಕ್ಕೆ?

ಟರ್ಬೈನ್_ಮೇಷ್ಟ್ರು

ಪಿಟಿ6ರ ಒಳಗೆ ಗಾಳಿ ಹಿಂದಿನಿಂದ ಮುಂದಕ್ಕೆ ಹರಿಯುತ್ತೆ. ಗಾಳಿ ಒಳಹೋಗೋದು ಎಂಜಿನ್ನಿನ ಹಿಂಬದಿಯಲ್ಲಿ, ಹೊಗೆ ಹೊರಬರೋದು ಪ್ರೊಪೆಲ್ಲರ್ ಹತ್ತಿರ. ಹೊರನೋಟ ಇದರ ಮೇಲೆ ನಿಂತಿದೆ. ಹೊಗೆಕೊಳವೆ ಗೂಡಿನ ಮುಂಭಾಗದಲ್ಲಿ, ಪಕ್ಕಕ್ಕೆ, ಗಿಡ್ಡ. ಗಾಳಿ ಬಾಯಿ ಸ್ಪಿನ್ನರ್ (ಪ್ರೊಪೆಲ್ಲರ್ ನಡುವಿನ ಮೊನಚು ಟೋಪಿ) ಕೆಳಗೆ, ಅಲ್ಲಿಂದ ನಾಳದಲ್ಲಿ ಹಿಂದಕ್ಕೆ ಹೋಗುತ್ತೆ. ಆ ನಾಳದಲ್ಲೇ ಮಂಜು, ಕಲ್ಲುಪುಡಿ ಬೇರ್ಪಡಿಸೋ ಏರ್ಪಾಡು ಇರುತ್ತೆ, ಹಾಗಾಗಿ ಗೂಡಿನ ಕೆಳಗಲ್ಲ ಮೇಲ್ಗಲ್ಲಕ್ಕಿಂತ ತುಂಬಿಕೊಂಡಿರುತ್ತೆ.

ಕಿಟ್‌ನಲ್ಲಿ ತೆಗೆಯಬೇಕಾದ್ದು: ಕೌಲಿಂಗ್, ಅದರ ಹಿಂದಿನ ಕೌಲ್ ಫ್ಲಾಪ್, ಮೇಲಿನ ಕಾರ್ಬುರೇಟರ್ ಗಾಳಿ ಬಾಯಿ, ಕೆಳಗಿನ ಆಯಿಲ್ ಕೂಲರ್, ರೇಡಿಯಲ್‌ನ ಹೊಗೆಕೊಳವೆ. ಉಳಿಸಿಕೊಳ್ಳಬೇಕಾದ್ದು: ರೆಕ್ಕೆಯ ಕೆಳಗೆ ಗಾಲಿ ಮಡಚಿಕೊಳ್ಳೋ ಗೂಡಿನ ಹಿಂಭಾಗ. ಗಾಲಿ ಅರ್ಧ ಹೊರಗೇ ಉಳಿಯೋ ಡಕೋಟಾ ಲಕ್ಷಣ ಬಿಟಿ-67ರಲ್ಲೂ ಇದೆ. ಕೌಲಿಂಗ್ ಹಿಂದಿನ ಫೈರ್‌ವಾಲ್ (ಬೆಂಕಿ ತಡೆಯೋ ಗೋಡೆ) ಗೆರೆಯಲ್ಲಿ ಕತ್ತರಿಸಿ.

ರೆಕ್ಕೆಯ ಮುಂಚೂಣಿಯನ್ನೂ ತುದಿಯನ್ನೂ ಬ್ಯಾಸ್ಲರ್ ಬದಲಿಸಿದೆ. ದುಂಡಗಿನ ಡಕೋಟಾ ತುದಿ ಹಾಗೇ ಬಿಟ್ಟರೆ ಮೇಲಿನಿಂದ ನೋಡಿದವರಿಗೆ ತಕ್ಷಣ ತಪ್ಪು ಕಾಣುತ್ತೆ. ನೀವು ಆರಿಸಿಕೊಂಡ ವಿಮಾನದ ಮೇಲ್ನೋಟದ ಫೋಟೋ ಇಟ್ಟುಕೊಂಡು ಹಾಳೆಯಿಂದ ಹೊಸ ತುದಿ ಕೊಯ್ದುಕೊಳ್ಳಿ.

ಹಳೇ_ಹ್ಯಾಂಗರ್

ಗೂಡಿಗೆ 3ಡಿ ಪ್ರಿಂಟ್ ಒಳ್ಳೇ ದಾರಿ. ರೆಸಿನ್ ಪ್ರಿಂಟರ್, ಪದರ 0.03 ರಿಂದ 0.05 ಮಿ.ಮೀ. ಸ್ಪಿನ್ನರ್ ಮೇಲಕ್ಕೆ ಬರೋ ಹಾಗೆ 30-45 ಡಿಗ್ರಿ ಓರೆ ಇಟ್ಟು ಪ್ರಿಂಟ್ ಮಾಡಿ. ಅಡ್ಡಡ್ಡ ಮಲಗಿಸಿದರೆ ಗೂಡಿನ ಮೇಲೆ ಮೆಟ್ಟಿಲು ಗೆರೆ ಬೀಳುತ್ತೆ. ಒಳಗೆ ಟೊಳ್ಳು ಬಿಡಿ, ಗೋಡೆ 1.5 ಮಿ.ಮೀ., ಫೈರ್‌ವಾಲ್ ಮುಖದಲ್ಲಿ ಎರಡು ರಂಧ್ರ. ಒಳಗೆ ಹಸಿ ರೆಸಿನ್ ಸಿಕ್ಕಿಕೊಂಡರೆ ತಿಂಗಳು ಬಿಟ್ಟು ಪೇಂಟ್ ಒಡೆದುಕೊಂಡು ಒಸರುತ್ತೆ. ಎರಡೂ ಗೂಡು ಒಂದೇ ತಟ್ಟೆಯಲ್ಲಿ ಒಂದೇ ಸಲ ಪ್ರಿಂಟ್ ಮಾಡಿ, ಕುಗ್ಗಿದರೂ ಎರಡೂ ಒಂದೇ ಸಮ ಕುಗ್ಗಲಿ. ಆಮೇಲೆ ಕ್ಯಾಲಿಪರ್ ಹಿಡಿದು ಕಿಟ್‌ನ ಫೈರ್‌ವಾಲ್ ಅಗಲಕ್ಕೆ ಹೋಲಿಸಿ ನೋಡಿ, ಅಂಟಿಸೋದು ಆಮೇಲೆ.

ಟರ್ಬೈನ್_ಮೇಷ್ಟ್ರು

ಪ್ರೊಪೆಲ್ಲರ್ ಬಗ್ಗೆ ಬಿಡಿಸಿ ಹೇಳಲೇಬೇಕು. ಎಷ್ಟೋ ಚಂದದ ಮಾದರಿಗಳು ಕೆಡೋದು ಇಲ್ಲೇ.

ಬಿಟಿ-67ಕ್ಕೆ ಹಾರ್ಟ್‌ಜೆಲ್‌ನ ಐದು ಅಲಗಿನ ಪ್ರೊಪೆಲ್ಲರ್. ಡಕೋಟಾದ ಮೂರು ಅಲಗಿನ ಹ್ಯಾಮಿಲ್ಟನ್ ಸ್ಟ್ಯಾಂಡರ್ಡ್ ವ್ಯಾಸ 1/72ರಲ್ಲಿ ಸುಮಾರು 49 ಮಿ.ಮೀ. ಬರುತ್ತೆ, ಐದು ಅಲಗಿನದು ಅದಕ್ಕಿಂತ ಎದ್ದು ಕಾಣೋಷ್ಟು ಚಿಕ್ಕದು. ಅಲಗಿಂದ ಅಲಗಿಗೆ 72 ಡಿಗ್ರಿ.

ಈಗ ಮುಖ್ಯ ವಿಷಯ: ನಿಂತ ವಿಮಾನದಲ್ಲಿ ಅಲಗು ಯಾವ ಕೋನದಲ್ಲಿರುತ್ತೆ? ಪಿಟಿ6 ಸ್ವತಂತ್ರ ಟರ್ಬೈನ್. ಪ್ರೊಪೆಲ್ಲರ್ ತಿರುಗಿಸೋ ಟರ್ಬೈನ್‌ಗೂ ಕಂಪ್ರೆಸರ್ ತಿರುಗಿಸೋದಕ್ಕೂ ನಡುವೆ ಶಾಫ್ಟ್ ಸಂಬಂಧ ಇಲ್ಲ. ಅಲಗನ್ನ ಕಡಿಮೆ ಕೋನದಲ್ಲಿ ಹಿಡಿದಿಡೋದು ಎಣ್ಣೆ ಒತ್ತಡ. ಎಂಜಿನ್ ನಿಂತು ಒತ್ತಡ ಹೋದರೆ ಸ್ಪ್ರಿಂಗ್ ಮತ್ತು ಪ್ರತಿತೂಕ ಸೇರಿ ಅಲಗನ್ನ ಫೆದರ್‌ಗೆ, ಅಂದರೆ ಅಲಗಿನ ಅಂಚು ಎದುರು ಗಾಳಿಗೆ ಬರೋ ಸ್ಥಿತಿಗೆ ತಳ್ಳುತ್ತವೆ. ಆದ್ದರಿಂದ ನಿಂತ ಬಿಟಿ-67ನ್ನ ಎದುರಿನಿಂದ ನೋಡಿದರೆ ಅಲಗಿನ ಅಗಲ ಕಾಣಲ್ಲ, ಅಂಚು ಕಾಣುತ್ತೆ. ಐದು ತೆಳು ಗೆರೆ, ಪಕ್ಕದಿಂದ ನೋಡಿದಾಗಲೇ ಅಗಲ.

ಕಾನ್ವೇರ್ 580ರ ಆಲಿಸನ್ 501, 640ರ ರೋಲ್ಸ್-ರಾಯ್ಸ್ ಡಾರ್ಟ್ ಎರಡೂ ಒಂದೇ ಶಾಫ್ಟಿನವು. ಸ್ಟಾರ್ಟ್ ಮಾಡುವಾಗ ಕಂಪ್ರೆಸರ್, ಟರ್ಬೈನ್, ಪ್ರೊಪೆಲ್ಲರ್ ಎಲ್ಲವನ್ನೂ ಒಟ್ಟಿಗೇ ತಿರುಗಿಸಬೇಕು. ಅಲಗು ಫೆದರ್‌ನಲ್ಲಿದ್ದರೆ ಗಾಳಿಯನ್ನ ಸೌಟಿನ ಹಾಗೆ ಕಲಕುತ್ತಾ ಸ್ಟಾರ್ಟರ್‌ಗೆ ಭಾರ ಆಗುತ್ತೆ, ಟರ್ಬೈನ್ ವಿಪರೀತ ಬಿಸಿಯಾಗುತ್ತೆ. ಅದಕ್ಕೆ ನೆಲದಲ್ಲಿ ಅಲಗು ಬಹುತೇಕ ಚಪ್ಪಟೆ. ಎದುರಿನಿಂದ ನೋಡಿದರೆ ಪೂರ್ತಿ ಅಗಲ ಕಾಣುತ್ತೆ. ಹಾಗಾಗಿ ನಿಂತ ಕಾನ್ವೇರ್ 580, 640ಕ್ಕೆ ಚಪ್ಪಟೆ ಅಲಗು, ಬಿಟಿ-67ಕ್ಕೆ ಫೆದರ್. ಪಿಸ್ಟನ್ ಡಕೋಟಾಗೂ ನಿಂತಾಗ ಕಡಿಮೆ ಕೋನವೇ.

ಪ್ಲಾಸ್ಟಿಕ್_ಪದ್ಮ

ಇದನ್ನ ಮಾಡೋ ಬಗೆ: ಗಟ್ಟಿ ಕಾಗದದ ಮೇಲೆ ವೃತ್ತ ಬರೆದು 72 ಡಿಗ್ರಿಗೊಂದು ಗೆರೆ ಎಳೆಯಿರಿ. ಹಬ್‌ಗೆ 0.5 ಮಿ.ಮೀ. ಡ್ರಿಲ್, ಅಲಗಿನ ಬುಡಕ್ಕೆ 0.4 ಮಿ.ಮೀ. ಹಿತ್ತಾಳೆ ತಂತಿ. ಆ 0.1 ಸಡಿಲ ಇದ್ದರೇ ಅಂಟಿಸೋ ಮೊದಲು ಅಲಗು ತಿರುಗಿಸಿ ಕೋನ ಸರಿಮಾಡಬಹುದು. ಒಂದು ತಗಡಿನ ತುಂಡನ್ನ ವೃತ್ತದ ಮೇಲೆ ನೆಟ್ಟಗೆ ನಿಲ್ಲಿಸಿ, ಐದೂ ಅಲಗು ಅದಕ್ಕೆ ಒಂದೇ ಸಮ ತಾಗೋ ಹಾಗೆ ನೋಡಿ. ತುಸು ತಡವಾಗಿ ಹಿಡಿಯೋ ಅಂಟು ಬಳಸಿ. ತಕ್ಷಣ ಕಚ್ಚೋ ಸೂಪರ್ ಗ್ಲೂ ಆದರೆ ಮೂರನೇ ಅಲಗಿಗೆ ಬರೋ ಹೊತ್ತಿಗೆ ತಿದ್ದೋಕೆ ಸಮಯ ಸಿಗಲ್ಲ.

ಬೇರೆ ಕಿಟ್‌ನಿಂದ ಅಲಗು ತಂದರೆ ತಿರುವಿನ ದಿಕ್ಕು ನೋಡಿ. ಪಿಟಿ6 ಪೈಲಟ್ ಕೂತ ಕಡೆಯಿಂದ ನೋಡಿದರೆ ಗಡಿಯಾರದ ದಿಕ್ಕು, ಎದುರಿನಿಂದ ನೋಡಿದರೆ ಅದಕ್ಕೆ ವಿರುದ್ಧ.

ಕಾನ್ವೇರ್_ಕಟ್ಟೆ

ಕಾನ್ವೇರ್ ವಿಷಯಕ್ಕೆ ಬರೋಣ. ಮೇಷ್ಟ್ರು ಹೇಳಿದ ತೂಕ-ಶಕ್ತಿ ಲೆಕ್ಕ ಇಲ್ಲೂ ಹಾಕಿ. ಕಾನ್ವೇರ್ 340/440ರ ಆರ್-2800 ಎಂಜಿನ್ 18 ಸಿಲಿಂಡರ್, 2,500 ಅಶ್ವಶಕ್ತಿ. ಆಲಿಸನ್ 501-ಡಿ13 3,750. ಒಂದೂವರೆ ಪಟ್ಟು. ತೂಕದ ವ್ಯತ್ಯಾಸ ಡಕೋಟಾದಷ್ಟು ಇಲ್ಲ, ಜೊತೆಗೆ 13 ಅಡಿ 6 ಇಂಚಿನ ನಾಲ್ಕು ಅಲಗಿನ ಏರೋಪ್ರಾಡಕ್ಟ್ಸ್ ಪ್ರೊಪೆಲ್ಲರ್ ಮತ್ತು ಗೇರ್‌ಪೆಟ್ಟಿಗೆಯೂ ಮುಂದೆಯೇ ಕೂತಿವೆ. ಹಾಗಾಗಿ 580ಕ್ಕೆ ಒಡಲು ಹಿಗ್ಗಿಸಲಿಲ್ಲ, ಬಾಲ ಹಿಗ್ಗಿಸಿದರು. ಒಂದು ಎಂಜಿನ್ ನಿಂತರೆ ಇನ್ನೊಂದರ 3,750 ಅಶ್ವಶಕ್ತಿ ಮೂತಿಯನ್ನ ಪಕ್ಕಕ್ಕೆ ತಳ್ಳುತ್ತೆ. ಅದನ್ನ ತಡೆಯೋಕೆ ಬಾಲದ ನೆಟ್ಟಗಿನ ರೆಕ್ಕೆ ದೊಡ್ಡದಾಯ್ತು, ಅಡ್ಡ ಬಾಲವೂ ಬದಲಾಯ್ತು. 440ರ ಕಿಟ್‌ಗೆ ಟರ್ಬೋಪ್ರಾಪ್ ಗೂಡು ಅಂಟಿಸಿ ಹಳೇ ಬಾಲ ಬಿಟ್ಟ ಮಾದರಿ ನೋಡಿದರೆ ನನಗಂತೂ ಹೊಟ್ಟೆ ಉರಿಯುತ್ತೆ. ಅಷ್ಟು ಕೆಲಸ ಮಾಡಿ ವಿಮಾನದ ಗುರುತನ್ನೇ ಬಿಟ್ಟ ಹಾಗೆ.

ಯಾವ ಕಾನ್ವೇರ್ ಯಾವುದರಿಂದ ಆಯ್ತು ಅನ್ನೋದು ಗೊಂದಲದ ಜಾಗ, ಹಾಗಾಗಿ ಒಂದೊಂದಾಗಿ.

540: 340/440ಕ್ಕೆ ನೇಪಿಯರ್ ಎಲಾಂಡ್. 1955ರಲ್ಲೇ ಹಾರಿತು. ಕೆನಡಾದಲ್ಲಿ ಕೆನಡೇರ್ ಇದೇ ಎಂಜಿನ್ ಹಾಕಿ ವಾಯುಸೇನೆಗೆ ಕಾಸ್ಮೊಪಾಲಿಟನ್ ಅಂತ ಕಟ್ಟಿಕೊಟ್ಟಿತು. ನೇಪಿಯರ್ ರೋಲ್ಸ್-ರಾಯ್ಸ್ ಕೈಗೆ ಹೋದ ಮೇಲೆ ಎಲಾಂಡ್ ನಿಂತುಹೋಯ್ತು. ಬಿಡಿಭಾಗ ಸಿಗದ ಎಂಜಿನ್ ಇಟ್ಟುಕೊಂಡು ಏನು ಮಾಡೋದು. ಕಾಸ್ಮೊಪಾಲಿಟನ್‌ಗಳಿಗೂ ಆಮೇಲೆ ಆಲಿಸನ್ ಬಂತು. ಹಾಗಾಗಿ ಮಾದರಿಗೆ ವರ್ಷ ಗೊತ್ತುಮಾಡಿಕೊಳ್ಳದೆ ಗೂಡು ಕೊಯ್ಯಬೇಡಿ.

580: 340/440ಕ್ಕೆ ಆಲಿಸನ್. ಕ್ಯಾಲಿಫೋರ್ನಿಯಾದ ಪ್ಯಾಕ್‌ಏರೋ ಮಾಡಿದ್ದು, ಮೊದಲ ಹಾರಾಟ 1960ರ ಜನವರಿ. ಫ್ರಾಂಟಿಯರ್ ಏರ್‌ಲೈನ್ಸ್ 1964ರಲ್ಲಿ ಓಡಿಸೋಕೆ ಶುರುಮಾಡಿತು.

600: 240ಕ್ಕೆ ಡಾರ್ಟ್. 640: 340/440ಕ್ಕೆ ಡಾರ್ಟ್. ಎರಡಕ್ಕೂ ಬಾಲ ಹಳೇದೇ, ಯಾಕಂದರೆ ಡಾರ್ಟ್ 3,025 ಸಮಾನ ಅಶ್ವಶಕ್ತಿ ಮಾತ್ರ.

5800: ಕೆನಡಾದ ಕೆಲೋನಾ ಫ್ಲೈಟ್‌ಕ್ರಾಫ್ಟ್ ಮಾಡಿದ ಸರಕು ವಿಮಾನ, ಮೊದಲ ಹಾರಾಟ 1992. ಒಡಲು 14 ಅಡಿ 3 ಇಂಚು ಉದ್ದ ಆಯ್ತು. ಇಲ್ಲಿ ಹಿಗ್ಗಿಸಿದ್ದು ಸಾಮಾನು ತುಂಬೋಕೆ. ಬಾಲ ಮತ್ತೆ ಹಳೇ ಆಕಾರಕ್ಕೆ ಮರಳಿತು. 580ರ ಬಾಲ ಇದಕ್ಕೆ ಅಂಟಿಸಬೇಡಿ.

1/144 ಅಳತೆ: 240ರ ಉದ್ದ 158.1, ರೆಕ್ಕೆ 194.2 ಮಿ.ಮೀ. 340ರ ಉದ್ದ 167.6, ರೆಕ್ಕೆ 223 ಮಿ.ಮೀ. ರಾಡಾರ್ ಮೂತಿ ಇರೋ 440 ಮತ್ತು 580ರ ಉದ್ದ 172.5. 580ರ ಪ್ರೊಪೆಲ್ಲರ್ 28.6. 5800ರ ಹೆಚ್ಚುವರಿ ಉದ್ದ 30.2. 340ರ ಒಡಲಿಗೆ 600ರ ಡೆಕಲ್ (ಗುರುತಿನ ಸ್ಟಿಕ್ಕರ್) ಅಂಟಿಸಿದ್ದು ಬೇಕಾದಷ್ಟು ಕಾಣಸಿಗುತ್ತೆ. ರೆಕ್ಕೆಯನ್ನ ತುದಿಯಿಂದ ತುದಿಗೆ ಅಳೆದರೆ ಸಾಕು, ತಪ್ಪು ಸಿಕ್ಕಿಬೀಳುತ್ತೆ.

ಇನ್ನೊಂದು ಸಣ್ಣ ವಿಷಯ. ಪಿಸ್ಟನ್ ಕಾನ್ವೇರ್ ಗೂಡಿನ ಹಿಂತುದಿಯಲ್ಲಿ ಹೊಗೆ ಹೊರಡೋ ಜೋಡಿ ಕೊಳವೆ ಇರುತ್ತೆ. 240, 340ರಲ್ಲಿ ದುಂಡಗೆ, 440ರಲ್ಲಿ ಸದ್ದು ತಗ್ಗಿಸೋಕೆ ಆಯತಾಕಾರ. ಟರ್ಬೋಪ್ರಾಪ್ ಆದಾಗ ಈ ಜೋಡಿ ಹೋಗಬೇಕು. ಮುಂದಿನ ಭಾಗ ಕೊಯ್ಯೋ ಉತ್ಸಾಹದಲ್ಲಿ ಹಿಂದಿನದನ್ನ ಮರೆಯೋದು ಸಾಮಾನ್ಯ.

ಡಕೋಟಾ_72

ಹರ್ಕ್ಯುಲಿಸ್ ಕಿಟ್‌ನ ಗೂಡು 580ಕ್ಕೆ ಬಳಸಬಹುದಾ? ಅದೂ ಆಲಿಸನ್ನೇ ಅಲ್ವಾ?

ಕಾನ್ವೇರ್_ಕಟ್ಟೆ

ಹಾಗೇ ಎತ್ತಿ ಇಡಬೇಡಿ. ಆಲಿಸನ್‌ನ ಗೇರ್‌ಪೆಟ್ಟಿಗೆ ಎಂಜಿನ್ ನಡುಗೆರೆಗಿಂತ ಮೇಲೆ ಅಥವಾ ಕೆಳಗೆ, ಎರಡು ಥರ ಕೂರಿಸಬಹುದು. ಹರ್ಕ್ಯುಲಿಸ್ ಅಂದರೆ ಸಿ-130ರಲ್ಲಿ ಪ್ರೊಪೆಲ್ಲರ್ ಮೇಲೆ, ಗಾಳಿ ಬಾಯಿ ಕೆಳಗೆ ಗಲ್ಲದ ಹಾಗೆ. ಲಾಕ್‌ಹೀಡ್ ಇಲೆಕ್ಟ್ರಾದಲ್ಲಿ ಗಾಳಿ ಬಾಯಿ ಸ್ಪಿನ್ನರ್ ಮೇಲೆ ಹುಬ್ಬಿನ ಹಾಗೆ. ಎಂಜಿನ್ ಕುಟುಂಬ ಒಂದೇ, ಮುಖ ಬೇರೆ ಬೇರೆ. ನೀವು ಆರಿಸಿದ 580ರ ನೇರ ಎದುರಿನ ಒಂದು ಫೋಟೋ, ನೇರ ಪಕ್ಕದ ಒಂದು ಫೋಟೋ ಇಲ್ಲದೆ ಗೂಡು ಆರಿಸಬೇಡಿ.

ಸಿಮ್_ಸುಬ್ಬು

ಎಕ್ಸ್-ಪ್ಲೇನ್ ಹಾರಾಟ ಸಿಮ್ಯುಲೇಟರ್‌ನಲ್ಲಿ ಇವನ್ನೇ ಕಟ್ಟೋರಿಗೆ ಸೇರಿಸ್ತೀನಿ. ಅದರ ವಿಮಾನ ಕಟ್ಟೋ ಸಾಧನ ಪ್ಲೇನ್ ಮೇಕರ್‌ನಲ್ಲಿ ಟರ್ಬೋಪ್ರಾಪ್‌ಗೆ ಸ್ವತಂತ್ರ ಟರ್ಬೈನ್, ಸ್ಥಿರ ಶಾಫ್ಟ್ ಅಂತ ಬೇರೆ ಬೇರೆ ಆಯ್ಕೆ ಇದೆ. ಬಿಟಿ-67ಕ್ಕೆ ಸ್ವತಂತ್ರ, ಪ್ರೊಪೆಲ್ಲರ್ ಗರಿಷ್ಠ 1,700 ಸುತ್ತು. 580ಕ್ಕೆ ಸ್ಥಿರ, ಟರ್ಬೈನ್ 13,820 ಸುತ್ತು, ಪ್ರೊಪೆಲ್ಲರ್ ಸುಮಾರು 1,020, ಹಾರಾಟದಲ್ಲಿ ಸುತ್ತು ಬದಲಾಗಬಾರದು. ಲಿವರ್ ತಳ್ಳಿದರೆ ಹೆಚ್ಚಾಗೋದು ಇಂಧನ ಮತ್ತು ಅಲಗಿನ ಕೋನ. ಆಯ್ಕೆ ತಪ್ಪಿದರೆ ಶಬ್ದವೂ ತಪ್ಪು, ಎಂಜಿನ್ ನಿಂತಾಗಿನ ನಡತೆಯೂ ತಪ್ಪು. ಸ್ಥಿರ ಶಾಫ್ಟಿನಲ್ಲಿ ಫೆದರ್ ಆಗದ ಪ್ರೊಪೆಲ್ಲರ್ ಎದುರು ಗಾಳಿಯಿಂದ ಇಡೀ ಕಂಪ್ರೆಸರನ್ನ ಎಳೆದುಕೊಂಡು ತಿರುಗುತ್ತೆ, ಎಳೆತ ಭಯಂಕರ. ಅದಕ್ಕೇ ನಿಜ ಎಂಜಿನ್‌ನಲ್ಲಿ ಉಲ್ಟಾ ಟಾರ್ಕ್ (ಪ್ರೊಪೆಲ್ಲರೇ ಎಂಜಿನ್ನನ್ನ ತಿರುಗಿಸೋ ಬಲ) ಕಂಡ ತಕ್ಷಣ ಅಲಗಿನ ಕೋನ ತಾನೇ ಏರಿಸೋ ವ್ಯವಸ್ಥೆ ಇಟ್ಟಿದ್ದಾರೆ.

ಹಳೇ ಡಿಸಿ-3 (ಅಂದರೆ ಡಕೋಟಾ) ಫೈಲ್ ತೆಗೆದು ಎಂಜಿನ್ ಮಾತ್ರ ಬದಲಿಸಿದರೆ ವಿಮಾನ ಎಲಿವೇಟರ್ ತುಸು ಮುಟ್ಟಿದರೂ ಮೂತಿ ಎತ್ತುತ್ತೆ. ಖಾಲಿ ತೂಕ, ಗುರುತ್ವ ಕೇಂದ್ರ, ಜಡತ್ವ ತ್ರಿಜ್ಯ ಮೂರನ್ನೂ ಹೊಸದಾಗಿ ತುಂಬಬೇಕು. ಭಾರದ ಎಂಜಿನ್ ರೆಕ್ಕೆಯಿಂದ ಹೋದರೆ ಉರುಳು ಚಲನೆ ಚುರುಕಾಗುತ್ತೆ, ಅದೂ ಗಮನದಲ್ಲಿರಲಿ. ಇಂಧನವೂ ಬೇರೆ: ಪೆಟ್ರೋಲ್ ಜಾತಿಯ ಆವ್‌ಗ್ಯಾಸ್ ಲೀಟರಿಗೆ 0.72 ಕಿಲೋ, ಜೆಟ್ ಇಂಧನ 0.8. ಟ್ಯಾಂಕ್ ಅದೇ ಇದ್ದರೂ ತುಂಬಿದ ತೂಕ ಬೇರೆ.

ಹಳೇ_ಹ್ಯಾಂಗರ್

ಡಾರ್ಟ್ ವಿಷಯ ಬಂದದ್ದರಿಂದ ಒಂದು ಮಾತು. ಡಕೋಟಾಗೆ ಟರ್ಬೈನ್ ಹಾಕಿದ್ದು ಬ್ಯಾಸ್ಲರ್ ಮೊದಲಲ್ಲ. ಬ್ರಿಟನ್ನಿನ ವಿಮಾನ ಸಂಸ್ಥೆ ಬಿಇಎ 1951ರಲ್ಲೇ ಎರಡು ಡಕೋಟಾಗೆ ಡಾರ್ಟ್ ಹಾಕಿ ಸರಕು ಸಾಗಿಸಿತು. ಡಾರ್ಟ್ ಎಂಜಿನ್ನಿನ ವೈಕೌಂಟ್ ವಿಮಾನ ಬರೋ ಮೊದಲು ಎಂಜಿನ್ ಅನುಭವ ಪಡೆಯೋದು ಉದ್ದೇಶ. ಅಮೆರಿಕದ ಜಾಕ್ ಕಾನ್ರಾಯ್ 1969ರಲ್ಲಿ ಡಾರ್ಟ್ ಹಾಕಿ ಟರ್ಬೋ ತ್ರೀ, 1977ರಲ್ಲಿ ಮೂತಿಯಲ್ಲೂ ಒಂದು ಸೇರಿಸಿ ಮೂರು ಪಿಟಿ6ನ ಟ್ರೈ ಟರ್ಬೋ ತ್ರೀ ಹಾರಿಸಿದರು. ಮೂತಿಗೆ ಎಂಜಿನ್ ಇಟ್ಟರೆ ಗುರುತ್ವ ಕೇಂದ್ರದ ಪ್ರಶ್ನೆ ಹೇಗೆ ಬಗೆಹರಿಯುತ್ತೆ ಅಂತ ಮೇಷ್ಟ್ರ ಲೆಕ್ಕದಲ್ಲೇ ನೋಡಬಹುದು.

ನಮ್ಮ ವಾಯುಸೇನೆಯ ಡಕೋಟಾ ಮಾಡೋರಿಗೆ: 2018ರಲ್ಲಿ ಸೇನೆಗೆ ಸೇರಿದ ಪರಶುರಾಮ, ವಿಪಿ 905, ಪಿಸ್ಟನ್ ಎಂಜಿನ್ನಿನ ಮೂಲ ರೂಪ. ಅದಕ್ಕೆ ಕಿಟ್ ಕತ್ತರಿಸೋ ಅಗತ್ಯ ಇಲ್ಲ. ಎಂಜಿನ್ ಸೇರಿಸಿದ ಭಾರತೀಯ ವಿಮಾನವೇ ಬೇಕಂದರೆ ಸಿ-119 ಪ್ಯಾಕೆಟ್ ಹಿಡಿಯಿರಿ. ಎರಡು ರೇಡಿಯಲ್ ಹಾಗೇ ಇಟ್ಟು, ಎತ್ತರದ ಲಡಾಖ್ ರನ್‌ವೇಗಳಿಗಾಗಿ ಬೆನ್ನ ಮೇಲೆ ಆರ್ಫಿಯಸ್ ಜೆಟ್ ಕೂರಿಸಿದ್ದರು. ಆರ್ಫಿಯಸ್ ಬೆಂಗಳೂರಿನ ಎಚ್‌ಎಎಲ್‌ನಲ್ಲಿ ತಯಾರಾಗ್ತಿದ್ದ ಎಂಜಿನ್. ಯುದ್ಧಕಾಲದಲ್ಲಿ ಅಮೆರಿಕದ ಡಕೋಟಾಗಳನ್ನ ಬಿಚ್ಚಿ ಕಟ್ಟಿದ ಕಾರ್ಖಾನೆಯೂ ಅದೇ. ಕನ್ನಡದಲ್ಲಿ ಇದರ ಮಾದರಿ ಬಗ್ಗೆ ಯಾರಾದರೂ ವಿವರವಾಗಿ ಬರೆಯಬೇಕು.

ಟರ್ಬೈನ್_ಮೇಷ್ಟ್ರು

ಮಸಿ ಬಗ್ಗೆ ಹೇಳೋದು ಉಳಿದಿತ್ತು. ರೇಡಿಯಲ್ ಎಣ್ಣೆ ಒಸರುತ್ತೆ: ಕೌಲಿಂಗ್ ಹಿಂದೆ, ಗೂಡಿನ ಕೆಳಗೆ, ಗಾಲಿ ಕಂಬದ ಮೇಲೆ ಕಂದು ಹೊಳಪಿನ ಗೆರೆ. ಟರ್ಬೈನ್‌ಗೆ ಆ ಗೆರೆ ಬೇಡ. ಬಿಟಿ-67ರ ಹೊಗೆಕೊಳವೆ ಮುಂದಿರೋದರಿಂದ ಮಸಿ ಅಲ್ಲಿಂದ ಶುರುವಾಗಿ ಗೂಡಿನ ಪಕ್ಕದಲ್ಲಿ ಹಿಂದಕ್ಕೆ ಹರಡುತ್ತೆ, ಹೊಳಪಿಲ್ಲದ ಬೂದುಗಪ್ಪು. ಪ್ರೊಪೆಲ್ಲರ್ ಗಾಳಿ ಸುರುಳಿಯಾಗಿ ಸುತ್ತೋದರಿಂದ ಗೂಡಿನ ಒಳಬದಿ, ಹೊರಬದಿ ಒಂದೇ ಸಮ ಕಪ್ಪಾಗಿರಲ್ಲ. ಚಾಕ್ ಪೆನ್ಸಿಲ್ ಪುಡಿಯನ್ನ ಮೆತ್ತನೆ ಕುಂಚದಲ್ಲಿ ಹಚ್ಚಿ. ಏರ್‌ಬ್ರಶ್‌ನಲ್ಲಿ ಹೊಡೆದರೆ ಅಂಚು ತೀರಾ ನಯವಾಗಿ ಪೇಂಟ್ ತರ ಕಾಣುತ್ತೆ.

ಡಕೋಟಾ_72

ಕೊನೇ ಪ್ರಶ್ನೆ. ಬಿಟಿ-67 ಬಾಲದ ಮೇಲೆ ಕೂರುತ್ತೆ, ತೂಕದ ಚಿಂತೆ ಇಲ್ಲ. 1/144 ಕಾನ್ವೇರ್‌ಗೆ ಮೂಗಿನ ಗಾಲಿ. ಎಷ್ಟು ತೂಕ ಹಾಕಬೇಕು?

ಪ್ಲಾಸ್ಟಿಕ್_ಪದ್ಮ

ಗ್ರಾಂ ಲೆಕ್ಕ ಕಿಟ್‌ನಿಂದ ಕಿಟ್‌ಗೆ ಬದಲಾಗುತ್ತೆ, ಅಳೆದೇ ಹಾಕಬೇಕು. 580ರ ದೊಡ್ಡ ಬಾಲ ಸೇರಿಸಿ ಎಲ್ಲ ಭಾಗಗಳನ್ನ ಟೇಪ್‌ನಲ್ಲಿ ಕಟ್ಟಿ. ಮುಖ್ಯ ಗಾಲಿಯ ಅಚ್ಚು ಬರೋ ಜಾಗದ ಕೆಳಗೆ ಎರಡೂ ಕಡೆ ಪೆನ್ಸಿಲ್ ಕೊಟ್ಟು ನಿಲ್ಲಿಸಿ. ಮೂತಿ ಮೇಲೆ ಗಾಳದ ಸೀಸದ ಗುಂಡು ಒಂದೊಂದೇ ಇಡುತ್ತಾ ಹೋಗಿ, ಮೂತಿ ಕೆಳಗೆ ಬಿದ್ದ ಕ್ಷಣದ ತೂಕಕ್ಕೆ ಇನ್ನೂ ಮೂರರಲ್ಲಿ ಒಂದು ಪಾಲು ಸೇರಿಸಿ. ಪುಟ್ಟಿ, ಪೇಂಟ್ ಎಲ್ಲ ಹಿಂದೆಯೇ ಹೆಚ್ಚು ಬೀಳೋದು.

ಸೀಸವನ್ನ ಬಿಳಿ ಮರದಂಟಿನಲ್ಲಿ ಕೂರಿಸಬೇಡಿ. ಆ ಅಂಟು ಬಿಡೋ ಅಸೆಟಿಕ್ ಆಮ್ಲ ಮುಚ್ಚಿದ ಜಾಗದಲ್ಲಿ ಸೀಸವನ್ನ ಬಿಳಿ ಪುಡಿ ಮಾಡುತ್ತೆ, ಪುಡಿ ಹಿಗ್ಗಿ ಕೆಲವು ವರ್ಷದಲ್ಲಿ ಮೂತಿಯ ಬೆಸುಗೆ ಬಿರಿಯುತ್ತೆ. ಎರಡು ಟ್ಯೂಬಿನ ಎಪಾಕ್ಸಿ ಹಾಕಿ. ಮೂತಿಯಲ್ಲಿ ಜಾಗ ಸಾಲದಿದ್ದರೆ ಎಂಜಿನ್ ಗೂಡಿನ ಮುಂತುದಿಗೆ ತುಂಬಬಹುದು, ಅದೂ ಗಾಲಿಗಿಂತ ಮುಂದೇ ಇದೆ. ಆದರೆ ತೋಳು ಗಿಡ್ಡ, ಹಾಗಾಗಿ ಹೆಚ್ಚು ಬೇಕಾಗುತ್ತೆ. ಅಷ್ಟು ಭಾರಕ್ಕೆ ಕಿಟ್‌ನ ಪ್ಲಾಸ್ಟಿಕ್ ಗಾಲಿ ಕಂಬ ನಿಧಾನಕ್ಕೆ ಸೊಟ್ಟ ಆಗುತ್ತೆ, 1 ಮಿ.ಮೀ. ಹಿತ್ತಾಳೆ ಕಂಬಿ ಹಾಕಿಬಿಡಿ.